ಚಿಂತೆ ದೇಹವನ್ನು ಉಣ್ಣುವ ಬಗೆ



ರಾಮನಗರಕ್ಕೆ ಬಂದಾಗಲೆಲ್ಲ ಹಿರಿಯರು ನಮ್ಮ ಮುಂದೆ ಸೂಪಾದ ಮಾತು ತೆಗೆಯುತ್ತಾರೆ. ಕಾಳಿಯೂ ಪಾಂಡರಿಯೂ ಕೂಡುವಲ್ಲಿದ್ದ ಆ ಊರು ಅಣೆಕಟ್ಟಿನ ಹಿನ್ನೀರಿನಲ್ಲಿ ಮುಳುಗಿತು. ಅಣೆಕಟ್ಟು 1987ರಲ್ಲಿ ಪೂರ್ತಿಯಾಯಿತು. ಮನೆ, ಗದ್ದೆ, ಗುಡಿ ಬಿಟ್ಟು ಬಂದವರು ಇಲ್ಲಿ ನೆಲೆಗೊಂಡಿರಿ. ನಾಡಿನ ದೀಪಕ್ಕೆ ಎಣ್ಣೆಯಾದವರು ನೀವು.

ಕಳೆದ ಸಲ ಒಬ್ಬ ವೃದ್ಧ ತಾಯಿ ಬಂದು, "ಅಜ್ಜಾರ, ಉಂಡದ್ದು ಮೈಗೆ ಹತ್ತಂಗಿಲ್ಲ, ರಾತ್ರಿ ನಿದ್ದಿ ಹತ್ತಂಗಿಲ್ಲ. ಡಾಕ್ಟರು ಬಿ.ಪಿ. ಐತಿ ಅಂತಾರ. ಮಗ, ಎಲ್ಲಾ ನಿನ್ನ ಮನಸ್ಸಿಂದು ಅಂತಾನ" ಎಂದಳು. ಹಿಂದೊಮ್ಮೆ ಇಂಥದೇ ಮಾತಿಗೆ ನಾವೂ "ಶಿವನ ಮೇಲೆ ಭಾರ ಹಾಕು, ಹೋಗುತ್ತದೆ" ಎಂದು ಒಬ್ಬರನ್ನು ಕಳಿಸಿಬಿಟ್ಟಿದ್ದೆವು. ಅದು ನಮ್ಮ ತಪ್ಪು.

ಮನಸ್ಸಿನದು ಎಂದರೆ ಸುಳ್ಳೆಂದಲ್ಲ. ನೀವು ಕಾಡಿನಂಚಿನವರು. ಸಂಜೆ ದಾರಿಯಲ್ಲಿ ಕರಡಿ ಎದುರಾಯಿತೆನ್ನಿ. ಎದೆ ಡವಗುಟ್ಟುತ್ತದೆ, ಬಾಯಿ ಒಣಗುತ್ತದೆ, ಕಾಲಿಗೆ ಎಲ್ಲಿಲ್ಲದ ಬಲ ಬರುತ್ತದೆ. ಮೂತ್ರಪಿಂಡಗಳ ಮೇಲಿರುವ ಎರಡು ಪುಟ್ಟ ಗ್ರಂಥಿಗಳು ರಕ್ತಕ್ಕೆ ರಸ ಸುರಿಸುತ್ತವೆ. ದೇಹ ಕೂಡಿಟ್ಟ ಸಕ್ಕರೆ ರಕ್ತಕ್ಕಿಳಿಯುತ್ತದೆ. ಹೊಟ್ಟೆಯ ಕಡೆಯ ರಕ್ತ ಕೈಕಾಲಿಗೆ ಹರಿಯುತ್ತದೆ. ಹೆದರಿದವನಿಗೆ ಅನ್ನ ಸೇರದಿರುವುದು ಇದರಿಂದಲೇ. ಕರಡಿ ಹೋದ ಮೇಲೆ ಎಲ್ಲವೂ ಇಳಿಯುತ್ತದೆ. ಇದು ಪರಶಿವನು ದೇಹಕ್ಕಿಟ್ಟ ಕಾವಲು. ಆದರೆ ಸಾಲದ ಚಿಂತೆ, ಬಿಟ್ಟುಬಂದ ಗದ್ದೆಯ ಕೊರಗು ಕರಡಿಯಂತೆ ಹಾದುಹೋಗುವುದಿಲ್ಲ. ಮನೆಯೊಳಗೇ ಹಾಸಿ ಮಲಗುತ್ತವೆ. ಕಾವಲುಗಾರ ಹಗಲಿರುಳು ಕೂಗುತ್ತಲೇ ಇದ್ದರೆ ಮನೆಯವರಿಗೆ ನಿದ್ದೆಯೆಲ್ಲಿಯದು? ರಕ್ತದೊತ್ತಡ ಏರುತ್ತದೆ, ರೋಗ ತಡೆಯುವ ಶಕ್ತಿ ಕುಂದುತ್ತದೆ.

ಹಾನ್ಸ್ ಸೆಲ್ಯೆ ಎಂಬ ವಿಜ್ಞಾನಿ 1936ರಲ್ಲಿ ಇಲಿಗಳ ಪ್ರಯೋಗವನ್ನು ಪ್ರಕಟಿಸಿದನು. ಚಳಿಯಿರಲಿ, ಗಾಯವಿರಲಿ, ಅತಿಶ್ರಮವಿರಲಿ, ಆ ಗ್ರಂಥಿಗಳು ಊದಿಕೊಂಡು ಹೊಟ್ಟೆಯಲ್ಲಿ ಹುಣ್ಣಾಗುತ್ತಿತ್ತು. ನಮ್ಮ ಚರಕಾಚಾರ್ಯರಂತೂ ಹಿತವಾದ ಅನ್ನವನ್ನು ಮಿತವಾಗಿ ಉಂಡರೂ ಚಿಂತೆ, ಶೋಕ, ಭಯ, ಕ್ರೋಧಗಳಿದ್ದವನಿಗೆ ಅದು ಜೀರ್ಣವಾಗದೆಂದು ಎಂದೋ ಹೇಳಿದ್ದಾರೆ. ಪಾಠಶಾಲೆಯಲ್ಲಿ ಅದನ್ನು ಕಂಠಪಾಠ ಮಾಡಿದ ನಮಗೆ, ಅರ್ಥ ತಿಳಿದದ್ದು ಆ ತಾಯಿಯ ಮುಖ ಕಂಡಾಗ.

ಹಾಗಾದರೆ ಪೂಜೆ ವ್ಯರ್ಥವೇ? ಅಲ್ಲ. ಅಂಗೈಯ ಇಷ್ಟಲಿಂಗದಲ್ಲಿ ದೃಷ್ಟಿ ನಿಂತಾಗ ಉಸಿರು ನಿಧಾನವಾಗುತ್ತದೆ, ಅದರ ಹಿಂದೆ ಎದೆಬಡಿತವೂ ಇಳಿಯುತ್ತದೆ. ಆದರೆ ಮಠದ ವಿಭೂತಿ ಸಿಕ್ಕಿತೆಂದು ಯಾರೂ ವೈದ್ಯರ ಗುಳಿಗೆ ಬಿಡಬಾರದು. ಇದನ್ನು ನಾವೇ ಹೇಳುತ್ತಿದ್ದೇವೆ.

ಆ ತಾಯಿಗೂ ಹಾಗೆಯೇ ಹೇಳಿ, ಮಗನನ್ನು ಕರೆಸಿ ಪಕ್ಕದಲ್ಲಿ ಕೂರಿಸಿದೆವು. ಆಕೆ ಸೂಪಾದ ಮನೆಯ ಅಂಗಳ, ಬಾವಿ, ಹಿತ್ತಲ ಹಲಸಿನ ಮರ, ಒಂದೊಂದಾಗಿ ಹೇಳುತ್ತ ಹೋದಳು. ಮಗ ಅದನ್ನೆಲ್ಲ ಮೊದಲ ಸಲ ಕೇಳುತ್ತಿದ್ದನು.