ಶುಗರ್ ಈಗ ಸಾಹುಕಾರರ ಕಾಯಿಲೆಯಲ್ಲ

(ಸ್ವಸಹಾಯ ಸಂಘಗಳ ಒಕ್ಕೂಟದ ಸಭೆಯಲ್ಲಿ ಆರೋಗ್ಯ ವಿಭಾಗದ ಸಿಸ್ಟರ್ ನೀಡಿದ ಮಾಹಿತಿಯ ಬರಹ ರೂಪ)



ನಾನು ಈ ಕೆಲಸಕ್ಕೆ ಸೇರಿದ ಹೊಸತರಲ್ಲಿ ಸಕ್ಕರೆ ಕಾಯಿಲೆಯ ಮಾತೆತ್ತಿದರೆ ನೀವು ನಗುತ್ತಿದ್ದಿರಿ. "ಅದೆಲ್ಲ ಕಾರಿನಲ್ಲಿ ತಿರುಗುವವರಿಗೆ ಸಿಸ್ಟರ್, ನಮಗೆ ತಿನ್ಲಿಕ್ಕೇ ಇಲ್ಲ" ಅಂತ. ಆಗ ಅದು ಬಹಳ ಮಟ್ಟಿಗೆ ನಿಜವೂ ಆಗಿತ್ತು. ಈಗ ಹಾಗಿಲ್ಲ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯವರು ನಡೆಸಿದ ಸಮೀಕ್ಷೆಯ ವರದಿ 2017ರಲ್ಲಿ ಬಂತು. ಮುಂದುವರಿದ ಕೆಲವು ರಾಜ್ಯಗಳ ಪೇಟೆಗಳಲ್ಲಿ ಶ್ರೀಮಂತರಿಗಿಂತ ಬಡವರಲ್ಲೇ ಮಧುಮೇಹ ಹೆಚ್ಚು ಎಂದು ಅದರಲ್ಲಿ ಕಂಡುಬಂತು. ಹಳ್ಳಿಗಳಲ್ಲಿ ಮಾತ್ರ ಇನ್ನೂ ಉಳ್ಳವರಲ್ಲಿ ಹೆಚ್ಚು. ಆದರೆ ನಮ್ಮ ಹಳ್ಳಿಗಳು ಇನ್ನೆಷ್ಟು ದಿನ ಹಳ್ಳಿಗಳಾಗಿ ಇರುತ್ತವೆ, ನೀವೇ ಹೇಳಿ. 2023ರ ಅವರ ಲೆಕ್ಕದಲ್ಲಿ ದೇಶದಲ್ಲಿ 10 ಕೋಟಿಗೂ ಹೆಚ್ಚು ಜನರಿಗೆ ಈ ಕಾಯಿಲೆ ಉಂಟು.

ಇಲ್ಲಿ ಕುಳಿತವರಲ್ಲಿ ಅರ್ಧ ಜನ ಬೀಡಿ ಕಟ್ಟುವವರು. ಬೆಳಿಗ್ಗೆಯಿಂದ ಗೆರಸೆ ಮಡಿಲಲ್ಲಿಟ್ಟು ಕೂತರೆ ಏಳುವುದು ಅಡುಗೆಗೆ ಮಾತ್ರ. ಹಸಿವಾದರೆ ಸಕ್ಕರೆ ಹಾಕಿದ ಚಹಾ, ಎರಡು ಬಿಸ್ಕಿಟು. ಮಧ್ಯಾಹ್ನ ಬಟ್ಟಲು ತುಂಬ ಗಂಜಿ, ಜೊತೆಗೆ ಚೂರು ಉಪ್ಪಿನಕಾಯಿ. ಹೊಟ್ಟೆ ತುಂಬಿಸುವ ವಸ್ತುಗಳಲ್ಲಿ ಅಕ್ಕಿಯೇ ಅಗ್ಗ. ಬೇಳೆ, ಮೊಟ್ಟೆ, ತರಕಾರಿ ದುಬಾರಿ. ಇದು ಬಾಯಿಚಪಲ ಅಲ್ಲ, ಕಿಸೆಯ ಲೆಕ್ಕ. ಇನ್ನು, ನಮ್ಮ ದೇಶದಲ್ಲಿ ತೆಳ್ಳಗಿರುವವರಿಗೂ ಶುಗರ್ ಬರುತ್ತದೆ. ದೆಹಲಿಯಲ್ಲಿ ಮಕ್ಕಳನ್ನು ಹುಟ್ಟಿನಿಂದಲೇ ಹಿಂಬಾಲಿಸಿ ನೋಡಿದವರು, ಎಳವೆಯಲ್ಲಿ ಸೊರಗಿದ್ದು ಆಮೇಲೆ ಮೈ ತುಂಬಿಕೊಂಡವರಲ್ಲಿ ಈ ಕಾಯಿಲೆ ಹೆಚ್ಚು ಎಂದು 2004ರಲ್ಲಿ ತಿಳಿಸಿದ್ದಾರೆ. ಎಳವೆಯ ಬಡತನ ದೇಹದಲ್ಲಿ ಕೂತೇ ಇರುತ್ತದೆ.

ನಮ್ಮದೇ ಒಂದು ಸಂಘದ ಸದಸ್ಯೆಯ ವಿಷಯ ಹೇಳುತ್ತೇನೆ, ಹೆಸರು ಬೇಡ. ಗಂಡ ಹೆಂಡತಿ ಇಬ್ಬರಿಗೂ ಶುಗರ್. ಮನೆಗೆ ಬರುತ್ತಿದ್ದದ್ದು ಒಬ್ಬರ ಮಾತ್ರೆ. ಗಂಡ ದಿನಾ ತೆಗೆದುಕೊಳ್ಳುತ್ತಿದ್ದರು, ಈಕೆ ಉಳಿದರೆ ಮಾತ್ರ. ಕೇಳಿದ್ದಕ್ಕೆ, "ಅವರಿಗೆ ಕೆಲಸಕ್ಕೆ ಹೋಗ್ಲಿಕ್ಕೆ ಉಂಟಲ್ಲ ಸಿಸ್ಟರ್, ನಾನು ಮನೆಯಲ್ಲೇ ಇರುವವಳು" ಎಂದರು. ಮನೆಯಲ್ಲೇ ಇರುವವಳು ವಾರಕ್ಕೊಮ್ಮೆ ಬ್ರಾಂಚಿಗೆ ಬೀಡಿ ಕೊಟ್ಟು ಬಂದ ಹಣದಲ್ಲೇ ಆ ಮಾತ್ರೆ ಬರುತ್ತಿತ್ತು! ಒಂದು ಮಳೆಗಾಲದಲ್ಲಿ ಚಪ್ಪಲಿಯ ಬಾರು ಕಾಲ್ಬೆರಳನ್ನು ತಿಂದಿತು. ಪಾದ ಜೋಮು ಹಿಡಿದಿದ್ದರಿಂದ ನೋವೇ ತಿಳಿಯಲಿಲ್ಲ. ಅರಸಿನ ಹಚ್ಚಿ ಮೂರು ವಾರ ಕಳೆದರು. ಕೊನೆಗೆ ಎರಡು ಬೆರಳು ತೆಗೆಯಬೇಕಾಯಿತು. ಆಸ್ಪತ್ರೆಗೆಂದು ಸಂಘದಿಂದ ಪಡೆದ ಸಾಲ ಅವರ ಅಷ್ಟು ವರ್ಷಗಳ ಉಳಿತಾಯಕ್ಕಿಂತ ದೊಡ್ಡದು.

ಆ ಸಾಲವನ್ನು ನಾವು ಒಂದೇ ಸಭೆಯಲ್ಲಿ ಮಂಜೂರು ಮಾಡಿದೆವು. ಆದರೆ ಆ ಮೊದಲು ತಿಂಗಳ ಮಾತ್ರೆಗೆ ಸಾಲ ಬೇಕೆಂದು ಅವರು ಕೇಳಿಯೇ ಇರಲಿಲ್ಲ. ನಿಮ್ಮ ಲೆಡ್ಜರ್ ತೆರೆದು ನೋಡಿ. ಮದುವೆಗೆ, ಮನೆ ರಿಪೇರಿಗೆ, ಶಾಲೆಯ ಫೀಸಿಗೆ, ಗಂಡನ ಆಪರೇಷನ್ನಿಗೆ ಸಾಲ ಉಂಟು. 'ನನ್ನ ರಕ್ತ ಪರೀಕ್ಷೆಗೆ' ಎಂದು ಒಂದು ಸಾಲಾದರೂ ಉಂಟಾ?

ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ 30 ವರ್ಷ ದಾಟಿದವರಿಗೆ ಸಕ್ಕರೆ, ರಕ್ತದೊತ್ತಡ ಪರೀಕ್ಷೆ ಉಚಿತ, ಮಾತ್ರೆಯೂ ಉಚಿತ. ಆದರೆ ಉಚಿತಕ್ಕೂ ಖರ್ಚು ಉಂಟೆಂದು ನನಗೆ ಗೊತ್ತು. ಅರ್ಧ ದಿನದ ಬೀಡಿ ಹೋಗುತ್ತದೆ. 2023ರಿಂದ ಸರ್ಕಾರಿ ಬಸ್ಸಿನಲ್ಲಿ ನಮಗೆ ಟಿಕೆಟ್ ಇಲ್ಲ ನಿಜ, ಆದರೆ ನಮ್ಮ ಕಡೆ ಓಡುವುದು ಹೆಚ್ಚಾಗಿ ಪ್ರೈವೇಟ್ ಬಸ್ಸು. ಹೋದಾಗ ಮಾತ್ರೆ ಮುಗಿದಿದ್ದರೆ ಮತ್ತೊಮ್ಮೆ ಅಲೆಯಬೇಕು. ಅಂಥ ಹೊತ್ತಿಗೆ ಜನೌಷಧಿ ಅಂಗಡಿ ನೆನಪಿರಲಿ. ಅಲ್ಲಿ ಬಹಳಷ್ಟು ಮಾತ್ರೆಗಳು ಹೊರಗಿನ ಅರ್ಧ ಬೆಲೆಗಿಂತಲೂ ಕಡಿಮೆಗೆ ಸಿಗುತ್ತವೆ. ಹೆಸರು ಬೇರೆ ಇದ್ದರೂ ಒಳಗಿನ ಔಷಧಿ ಅದೇ.

ಊಟದ ಬಗ್ಗೆ ಓಟ್ಸ್, ಸೇಬು ಎಂದು ನಾನು ಹೇಳುವುದಿಲ್ಲ. ಗಂಜಿ ಬಿಡಬೇಕಾಗಿಲ್ಲ, ಎರಡು ಸೌಟು ಕಡಿಮೆ ಮಾಡಿ, ಆ ಜಾಗಕ್ಕೆ ಹಿತ್ತಿಲ ಬಸಳೆ, ಹರಿವೆ, ನುಗ್ಗೆಸೊಪ್ಪು, ಬೇಯಿಸಿದ ಹುರುಳಿ ಹಾಕಿಕೊಳ್ಳಿ. ಬೂತಾಯಿ ಅಗ್ಗವಾದ ದಿನ ಗಂಡಸರಿಗೆ ಬಡಿಸಿ ಉಳಿದ ಸಾರು ಮಾತ್ರ ಉಣ್ಣಬೇಡಿ, ಮೀನನ್ನೂ ತಿನ್ನಿ.

ಇನ್‌ಸುಲಿನ್ ಚುಚ್ಚಿಕೊಳ್ಳುವವರ ಮನೆಯಲ್ಲಿ ಫ್ರಿಜ್ ಇಲ್ಲದಿದ್ದರೆ ದೊಡ್ಡ ಮಡಕೆಯೊಳಗೆ ಚಿಕ್ಕ ಮಡಕೆ ಇಟ್ಟು, ನಡುವೆ ಒದ್ದೆ ಮರಳು ತುಂಬಿ, ನೆರಳಿನಲ್ಲಿಡಿ. ಬಾಟಲಿಯನ್ನು ಪ್ಲಾಸ್ಟಿಕ್ಕಿನಲ್ಲಿ ಸುತ್ತಿ ಒಳಗಿಡಿ.

ಒಕ್ಕೂಟದ ಮುಂದೆ ನನ್ನದೊಂದು ಕೋರಿಕೆ ಉಂಟು. ಪ್ರತಿ ಸಂಘ ಈ ತಿಂಗಳು ನಿರ್ಣಯ ಪುಸ್ತಕದಲ್ಲಿ ಬರೆಯಲಿ: ಸದಸ್ಯೆಯ ಸ್ವಂತ ಪರೀಕ್ಷೆ, ಮಾತ್ರೆಗೆ ಕೇಳುವ ಸಣ್ಣ ಸಾಲಕ್ಕೆ ಬಡ್ಡಿ ಇಲ್ಲ. ಕೇಂದ್ರಕ್ಕೆ ಒಬ್ಬೊಬ್ಬರೇ ಹೋಗುವ ಬದಲು ದಿನ ಗೊತ್ತು ಮಾಡಿ ಐದಾರು ಮಂದಿ ಒಟ್ಟಿಗೆ ಹೋಗಿ. ಒಟ್ಟಿಗೆ ಹೋದವರನ್ನು ಯಾರೂ ಸುಲಭದಲ್ಲಿ ವಾಪಸ್ ಕಳುಹಿಸುವುದಿಲ್ಲ, ಇದು ನನ್ನ ಅನುಭವ.

ಈಗ ಹೊರಗೆ ಜಗಲಿಯಲ್ಲಿ ನರ್ಸ್ ಕೂತಿದ್ದಾರೆ. ಪ್ರತಿಯೊಬ್ಬರಿಗೂ ಹೊಸ ಸೂಜಿ, ಹೆದರಬೇಡಿ. ಏನಾದರೂ ತಿಂದು ಬಂದವರು ಎಷ್ಟು ಹೊತ್ತಿಗೆ ತಿಂದದ್ದೆಂದು ಹೇಳಿ. ಖಾಲಿ ಹೊಟ್ಟೆಯಲ್ಲಿ 100ರ ಒಳಗಿದ್ದರೆ ಸರಿ. 126 ಅಥವಾ ಅದಕ್ಕಿಂತ ಹೆಚ್ಚು ಬಂದರೆ ಡಾಕ್ಟರರಲ್ಲಿ ಇನ್ನೊಮ್ಮೆ ಪರೀಕ್ಷೆ ಮಾಡಿಸಲೇಬೇಕು. ಮೊದಲೇ ಶುಗರ್ ಇರುವವರು ಚಪ್ಪಲಿ ಕಳಚಿ ಪಾದದ ಅಡಿಯನ್ನೂ ತೋರಿಸಿ ಹೋಗಿ. ಕೆಸರಾಗಿದ್ದರೆ ಬಾವಿಕಟ್ಟೆಯ ಹತ್ತಿರ ನೀರು ಉಂಟು.