ತಪ್ಪು ಮಾತಾಡಿದವನೇ ಭಾಷೆ ಕಲಿತ

ಬಸ್ಸಲ್ಲಿ ಇಯರ್‌ಫೋನ್ ಹಾಕ್ಕೊಂಡು ಕೂತಿರೋರಿಗೂ, ತೋಟಕ್ಕೆ ನೀರು ಬಿಟ್ಟು ಬದುವಿನ ಮೇಲೆ ಕೂತಿರೋರಿಗೂ ಸ್ವಾಗತ. ಒಂದು ಹೊಸ ಭಾಷೆ ಕೆಲವರಿಗೆ ಬೇಗ ಬರುತ್ತೆ, ಕೆಲವರಿಗೆ ವರ್ಷಗಟ್ಟಲೆ ಓದಿದರೂ ಬರಲ್ಲ. ಯಾಕೆ? ಇವತ್ತು ಇದರ ಬಗ್ಗೆ ಮಾತಾಡೋಣ.

ಮೊದಲು ನನ್ನ ಕಥೆ ಹೇಳಿಬಿಡ್ತೀನಿ. ನಾನು ಬಿ.ಕಾಂ. ಮುಗಿಸಿ ಬೆಂಗಳೂರಲ್ಲಿ ಒಂದು ಕಂಪನಿಯ ಇಂಟರ್‌ವ್ಯೂಗೆ ಹೋಗಿದ್ದೆ. ಟ್ಯಾಲಿ ಗೊತ್ತಿತ್ತು, ಜಿಎಸ್‌ಟಿ ಲೆಕ್ಕ ಗೊತ್ತಿತ್ತು. ಆದರೆ ಅವರು ಇಂಗ್ಲಿಷಲ್ಲಿ 'ನಿಮ್ಮ ಬಗ್ಗೆ ಹೇಳಿ' ಅಂದಾಗ ಬಾಯಿ ಕಟ್ಟಿಹೋಯ್ತು. ಪದಗಳೇನೋ ತಲೆಯಲ್ಲಿ ಇದ್ದವು. ತಪ್ಪಾದರೆ ನಗ್ತಾರಲ್ಲ ಅನ್ನೋ ಭಯಕ್ಕೆ ಒಂದೂ ಹೊರಗೆ ಬರಲಿಲ್ಲ. ಕೆಲಸ ಸಿಗಲಿಲ್ಲ. ವಾಪಸ್ ಬಾಗೂರಿಗೆ ಬಂದೆ.

ಬಾಗೂರು ಅಂದ್ರೆ ಚನ್ನರಾಯಪಟ್ಟಣ ತಾಲ್ಲೂಕಿನ ಹೋಬಳಿ, ತೆಂಗಿನ ಸೀಮೆ. ಅಲ್ಲಿ ನಾನು ದಿನಾ ಕಾಫಿಗೆ ಹೋಗೋ ಒಂದು ಸಣ್ಣ ಹೋಟೆಲಿಗೆ ಬಿಹಾರದಿಂದ ಒಬ್ಬ ಹುಡುಗ ಸಪ್ಲೈಯರ್ ಆಗಿ ಬಂದಿದ್ದ. ಕನ್ನಡ ಒಂದು ಅಕ್ಷರ ಗೊತ್ತಿಲ್ಲ. ಬಂದ ವಾರದಲ್ಲೇ ಗಿರಾಕಿ ಹತ್ರ ಹೋಗಿ, ಜೋರಾಗಿ, "ಅಣ್ಣ, ಏನ್ ಬೇಕು ಹೇಲಿ" ಅಂದ.

ಹಿಂದಿಯಲ್ಲಿ ನಮ್ಮ 'ಳ' ಇಲ್ಲ. ಅವನು ಹೇಳೋಕೆ ಹೊರಟಿದ್ದು 'ಹೇಳಿ'. ಬಾಯಿಂದ ಬಂದಿದ್ದು ಏನು ಅಂತ ನಿಮಗೆ ಅರ್ಥ ಆಯ್ತಲ್ಲ? ಇಡೀ ಹೋಟೆಲ್ ಬಿದ್ದೂ ಬಿದ್ದೂ ನಕ್ತು. ನಾನೂ ನಕ್ಕೆ.

ಹೋಟೆಲ್ ಅಜ್ಜಿ ಮಾತ್ರ ಅವನನ್ನ ಹತ್ರ ಕರೆದು, "ನಾಲಿಗೆ ತುದಿ ಮೇಲಕ್ಕೆ ಮಡಚೋ ಮಗಾ, ಹಂಗೆ ತಗಲಿಸಿ ಬಿಡು, ಹೇಳಿ" ಅಂತ ತೋರಿಸಿದ್ರು. ತಾನು ಅಂದಿದ್ದು ಏನು ಅಂತ ಗೊತ್ತಾದ ಮೇಲೆ ಆ ಹುಡುಗ ನಮಗಿಂತ ಜೋರಾಗಿ ನಕ್ಕ. ಆಮೇಲೆ ಮುಂದಿನ ಟೇಬಲಿಗೆ ಹೋಗಿ ಮತ್ತೆ ಕೇಳಿದ. ಆಗಲೂ ಸರಿ ಬರಲಿಲ್ಲ. ಅದರ ಮುಂದಿನ ಟೇಬಲಿಗೆ ಹೋದ.

ಏಳೆಂಟು ತಿಂಗಳಲ್ಲಿ ಅವನು ಎಳನೀರಿನವರ ಹತ್ರ ಕನ್ನಡದಲ್ಲೇ ಚೌಕಾಸಿ ಮಾಡ್ತಿದ್ದ. ನಾನು ಹತ್ತು ವರ್ಷಕ್ಕೂ ಹೆಚ್ಚು ಇಂಗ್ಲಿಷ್ ಓದಿ ಬಾಯಿ ಮುಚ್ಕೊಂಡು ಕೂತಿದ್ದೆ. ಅವನ ಹತ್ರ ಇದ್ದು ನನ್ನ ಹತ್ರ ಇಲ್ಲದ್ದು ಏನು ಅಂತ ಅವತ್ತಿಂದ ಗಮನಿಸೋಕೆ ಶುರು ಮಾಡಿದೆ.

ಒಂದು, ನಾಚಿಕೆ ಅವನನ್ನ ನಿಲ್ಲಿಸಲಿಲ್ಲ. ನಾಚಿಕೆ ಆಗಲಿಲ್ಲ ಅಂತಲ್ಲ, ಕಿವಿ ಕೆಂಪಗಾಗಿದ್ದು ನಾನೇ ನೋಡಿದೀನಿ. ಆದರೂ ಮುಂದಿನ ಟೇಬಲಿಗೆ ಹೋದ.

ಎರಡು, ಅವನಿಗೆ ಒಂದು ಪ್ರಶ್ನೆ ಬಾಯಿಪಾಠ ಆಗಿತ್ತು: "ಇದಕ್ಕೆ ಏನಂತಾರೆ?" ಸೌಟಿಗೆ, ಹರಳೆಣ್ಣೆಗೆ, ಜಡಿಮಳೆಗೆ, ಎಲ್ಲಕ್ಕೂ ಅದೇ ಪ್ರಶ್ನೆ.

ಮೂರು, ಬರೆದಿಡ್ತಿದ್ದ. ಬಿಲ್ ಪುಸ್ತಕದ ಹಿಂದೆ, ತನ್ನ ಲಿಪಿಯಲ್ಲೇ. ಸಂಜೆ ಅದನ್ನ ಓದ್ಕೊಂಡು, ಮಾರನೇ ದಿನ ಆ ಪದಗಳನ್ನ ಎಲ್ಲಾದರೂ ಬಳಸ್ತಿದ್ದ. ಕಾಮರ್ಸ್ ಓದಿದ ನನಗೆ ಅದು ದಿನವಹಿ ಲೆಕ್ಕದ ಥರ ಕಾಣ್ತು. ಇದಕ್ಕೆ ವಿಜ್ಞಾನದ ಬೆಂಬಲವೂ ಇದೆ. ಜರ್ಮನಿಯ ಹರ್ಮನ್ ಎಬ್ಬಿಂಗ್‌ಹೌಸ್ 1885ರಲ್ಲಿ ಮರೆವಿನ ಬಗ್ಗೆ ಪುಸ್ತಕ ಪ್ರಕಟಿಸಿದರು, ಪ್ರಯೋಗ ಮಾಡಿದ್ದು ತಮ್ಮ ಮೇಲೇ. ಕಲಿತದ್ದರಲ್ಲಿ ಬಹುಪಾಲು ಬೇಗನೇ ಮರೆತುಹೋಗುತ್ತೆ, ಒಂದೇ ಸಲ ಉರು ಹೊಡೆಯೋದಕ್ಕಿಂತ ಹಲವು ದಿನಗಳಿಗೆ ಹಂಚಿ ನೋಡಿದರೆ ಉಳಿಯುತ್ತೆ ಅಂತ ಅವರು ಕಂಡುಕೊಂಡರು. ಹೋಟೆಲಿನ ಹುಡುಗ ಎಬ್ಬಿಂಗ್‌ಹೌಸ್ ಹೆಸರು ಕೇಳಿರಲಿಲ್ಲ, ಅಷ್ಟೇ.

ನಾಲ್ಕು, ತನ್ನ ಭಾಷೆಯನ್ನ ಮೆಟ್ಟಿಲು ಮಾಡ್ಕೊಂಡ. ಕನ್ನಡದಲ್ಲಿ 'ನನಗೆ ಗೊತ್ತು', ಹಿಂದಿಯಲ್ಲಿ 'ಮುಝೆ ಮಾಲೂಮ್'. ಎರಡರಲ್ಲೂ 'ನನಗೆ'ಯಿಂದಲೇ ಶುರು. ಇಂಗ್ಲಿಷಲ್ಲಿ ಹಾಗಿಲ್ಲ, ಅಲ್ಲಿ 'ಐ ನೋ', ಅಂದ್ರೆ 'ನಾನು'. ಎಲ್ಲಿ ಹೋಲುತ್ತೆ, ಎಲ್ಲಿ ಬೇರೆ ಆಗುತ್ತೆ ಅಂತ ನೋಡೋರಿಗೆ ಅರ್ಧ ವ್ಯಾಕರಣ ತಾನಾಗೇ ಬರುತ್ತೆ.

ಇದೆಲ್ಲ ಹೊಟ್ಟೆಪಾಡಿಗೆ ಕಲಿತ ಹುಡುಗನ ಕಥೆ, ದೊಡ್ಡೋರು ಹೆಂಗೆ ಕಲಿತರು ಅಂತೀರಾ? ಬೆಂಗಳೂರಿನ ಎಂ.ಜಿ. ರಸ್ತೆಯಲ್ಲಿ ಫರ್ಡಿನೆಂಡ್ ಕಿಟೆಲ್ ಪ್ರತಿಮೆ ಇದೆ. ಕಿಟೆಲ್ ಜರ್ಮನಿಯಿಂದ ಬಾಸೆಲ್ ಮಿಷನ್ ಪರವಾಗಿ 1853ರಲ್ಲಿ ಬಂದಾಗ ಅವರಿಗೆ 21 ವರ್ಷ. ಅವರ ಕನ್ನಡ-ಇಂಗ್ಲಿಷ್ ನಿಘಂಟು ಅಚ್ಚಾಗಿದ್ದು 1894ರಲ್ಲಿ. ಸುಮಾರು 70,000 ಪದ. ಅಂದ್ರೆ ಬಂದ 41 ವರ್ಷದ ಮೇಲೆ. ಅದರಲ್ಲಿ ಹಳಗನ್ನಡ ಕಾವ್ಯದ ಪದಗಳ ಜೊತೆ ಜನರ ಬಾಯಲ್ಲಿದ್ದ ಪದಗಳೂ ಗಾದೆಗಳೂ ಇವೆ. ಅವನ್ನ ಕೂಡಿಸೋಕೆ ಇಲ್ಲಿನವರ ಸಹಾಯ ಪಡೆದಿದ್ದರು. ಇಷ್ಟಾದ ಮೇಲೂ ನಿಲ್ಲಿಸಲಿಲ್ಲ. ಅವರ ಕನ್ನಡ ವ್ಯಾಕರಣ ಬಂದಿದ್ದು 1903ರಲ್ಲಿ, ಅವರು ತೀರಿಕೊಂಡ ವರ್ಷ. 'ಇದಕ್ಕೆ ಏನಂತಾರೆ?' ಅನ್ನೋ ಪ್ರಶ್ನೆ ಇಟ್ಕೊಂಡೇ ಒಬ್ಬ ಮನುಷ್ಯ ಜೀವಮಾನ ಕಳೆದ.

ನಮ್ಮಲ್ಲೇ ನೋಡಿ. ಬೇಂದ್ರೆಯವರ ಮನೆಮಾತು ಮರಾಠಿ, ಮಾಸ್ತಿಯವರ ಮನೆಮಾತು ತಮಿಳು. ಇಬ್ಬರಿಗೂ ಜ್ಞಾನಪೀಠ ಬಂದಿದ್ದು ಕನ್ನಡದ ಬರವಣಿಗೆಗೆ. ಮನೆಯಲ್ಲಿ ಆ ಭಾಷೆ ಇಲ್ಲ ಅನ್ನೋದು ನೆಪ ಆಗಬಾರದು.

ಇನ್ನೊಂದು ಮಾತು. ಆ ಹುಡುಗ ಕಲಿತದ್ದರಲ್ಲಿ ಅಜ್ಜಿ ಪಾಲೂ ಇದೆ. ಅವರು ನಕ್ಕು ಬಿಟ್ಟುಬಿಡಲಿಲ್ಲ, ತಿದ್ದಿದ್ರು. ನಾವೇನ್ ಮಾಡ್ತೀವಿ? ಹೊರಗಿನವರು ಮುರುಕು ಕನ್ನಡದಲ್ಲಿ ಶುರು ಮಾಡಿದ ತಕ್ಷಣ ನಾವೇ ಹಿಂದಿಗೋ ಇಂಗ್ಲಿಷಿಗೋ ಹಾರ್ತೀವಿ. ಆಮೇಲೆ 'ಇವರು ಕನ್ನಡ ಕಲಿಯಲ್ಲ' ಅಂತ ಬೈತೀವಿ. ನಮ್ಮ ತಾಲ್ಲೂಕಿಗೆ ಬೇರೆ ಭಾಷೆಯವರು ಬರೋದು ಇವತ್ತಿನದಲ್ಲ. ಶ್ರವಣಬೆಳಗೊಳದ ಗೊಮ್ಮಟನ ಪಾದದ ಪಕ್ಕ ನೋಡಿ, ಚಾವುಂಡರಾಯ ಮಾಡಿಸಿದ್ದು ಅನ್ನೋ ಒಂದೇ ಮಾತು ಕನ್ನಡ, ತಮಿಳು, ಮರಾಠಿ ಮೂರರಲ್ಲೂ ಇದೆ. ಬಂದೋರು ಓದಲಿ ಅಂತ ತಾನೇ? ಹಾಗೇ ಬಂದೋರು ಮಾತಾಡಲಿ ಅಂತ ನಾವು ಎರಡು ನಿಮಿಷ ಕಾಯಬಹುದು.

ನಾನು ಏನ್ ಮಾಡಿದೆ? ದಿನಾ ರಾತ್ರಿ ಹದಿನೈದು ನಿಮಿಷ ಫೋನಲ್ಲಿ ಇಂಗ್ಲಿಷ್ ಮಾತಾಡಿ ರೆಕಾರ್ಡ್ ಮಾಡಿದೆ. ಮೊದಲ ತಿಂಗಳ ಫೈಲುಗಳನ್ನ ಈಗ ಕೇಳಿದರೆ ನನಗೇ ನಗು ಬರುತ್ತೆ. ಆದರೆ ಎರಡನೇ ಇಂಟರ್‌ವ್ಯೂನಲ್ಲಿ ತಪ್ಪುತಪ್ಪಾಗಿಯೇ ಇಪ್ಪತ್ತು ನಿಮಿಷ ಮಾತಾಡಿದೆ. ಅದೂ ಸಿಗಲಿಲ್ಲ, ಸುಳ್ಳು ಹೇಳಲ್ಲ. ಮೂರನೇದು ಸಿಕ್ತು.

ಈ ವಾರ ನಿಮಗೊಂದು ಕೆಲಸ. ನೀವು ಕಲೀತಿರೋ ಭಾಷೆ ಯಾವುದೇ ಇರಲಿ, ದಿನಕ್ಕೆ ಐದು ಪದ ಬರೆದಿಡಿ. ಮಾರನೇ ದಿನ ಅದರಲ್ಲಿ ಒಂದನ್ನಾದರೂ ಬೇರೆಯವರ ಎದುರು ಬಳಸಿ. ನಕ್ಕರೆ ನೀವೂ ನಗಿ, ಆಮೇಲೆ ಮುಂದಿನ ಟೇಬಲಿಗೆ ಹೋಗಿ.