ನೀರೇ ಮುಚ್ಚಳವಾದ ಹಗೇವು

ಹಗೇವಿಗೆ ನೀರು ಹೊಕ್ಕರೆ ರಾಗಿ ಕೆಡುವುದನ್ನು ನೀವು ಬಲ್ಲಿರಿ. ನೀರು ಬತ್ತಿದರೆ ಕೆಡುವ ಹಗೇವೂ ಒಂದುಂಟು.

ಅಮೆರಿಕದ ಉತ್ತರ ಮಿನ್ನೆಸೋಟದ ಶೀತಪ್ರದೇಶದಲ್ಲಿ ಸ್ಪ್ರೂಸ್ ಮರಗಳು ಬೆಳೆದ ಜೌಗುಕಾಡುಗಳಿವೆ. ಅಲ್ಲಿ ಸತ್ತ ಪಾಚಿ, ಎಲೆ, ಬೇರುಗಳು ನೀರಿನಡಿ ಗಾಳಿ ತಾಕದೆ, ಪೂರ್ತಿ ಕೊಳೆಯದೆ, ಸಾವಿರಾರು ವರ್ಷಗಳಿಂದ ಪದರಪದರವಾಗಿ ಕೂಡಿವೆ. ಗಿಡಗಳು ಗಾಳಿಯಿಂದ ಹೀರಿದ ಇಂಗಾಲವೇ ಈ ಹಗೇವಿನ ಧಾನ್ಯ. ಗಾಳಿಯಿಲ್ಲದೆ ಬಾಳುವ ಸೂಕ್ಷ್ಮಜೀವಿಗಳು ಅದರಲ್ಲಿ ಕೊಂಚವನ್ನು ಮೀಥೇನ್ ಆಗಿಸಿ ಹೊರಬಿಡುತ್ತವೆ. ನೀರಿಳಿದರೆ ಮೀಥೇನ್ ತಗ್ಗೀತು. ಆದರೆ ಗಾಳಿ ಹೊಕ್ಕು, ಕೂಡಿಟ್ಟದ್ದು ಕೊಳೆತು, ಇಂಗಾಲದ ಡೈಆಕ್ಸೈಡು ಹೊರಬೀಳುತ್ತದೆ.

2015ರಿಂದ ವಿಜ್ಞಾನಿಗಳು ಅಲ್ಲಿ ಸೂರಿಲ್ಲದ ಆವರಣಗಳನ್ನು ಕಟ್ಟಿ, ಜೌಗನ್ನು 9 ಡಿಗ್ರಿ ಸೆಲ್ಸಿಯಸ್‌ವರೆಗೆ ಹೆಚ್ಚು ಕಾಯಿಸಿ ನೋಡಿದರು. ಕೂಡಿಡುತ್ತಿದ್ದ ನೆಲವೇ ಇಂಗಾಲವನ್ನು ಕಳೆಯತೊಡಗಿತು. ಹೊರಬಿದ್ದ ಅನಿಲಗಳು ಭೂಮಿಯ ಬಿಸಿಯನ್ನು ಏರಿಸುತ್ತವೆ. ಬಿಸಿಯು ಹಗೇವನ್ನು ಮತ್ತಷ್ಟು ಬರಿದಾಗಿಸುತ್ತದೆ. ಸಾವಿರಾರು ವರ್ಷಗಳ ಗಳಿಕೆ ಅದು. ಒಂದು ತಲೆಮಾರಿನಲ್ಲಿ ಮರಳಿ ತುಂಬುವಂಥದಲ್ಲ.